ನೀರಿನ ಬಿಲ್ ದಿಢೀರ್ ಅಂತ ಜಾಸ್ತಿ ಬಂದರೆ ಮೊದಲು ಏನು ನೋಡಬೇಕು?

ಕೇಳಿದವರು: ಮನೆಯಲ್ಲಿ ನಾಲ್ಕು ಜನ ಇದ್ದೇವೆ. ಬಳಕೆ ಎಂದಿನಂತೆಯೇ ಇದೆ. ನೆಂಟರು ಬಂದಿಲ್ಲ, ಹೊಸ ವಾಷಿಂಗ್ ಮಷೀನ್ ತಂದಿಲ್ಲ. ಆದರೂ ಈ ಸಲದ ಬಿಲ್ ಹೋದ ಸಲದ ಮೂರು ಪಟ್ಟು ಬಂದಿದೆ. ಎಲ್ಲೂ ನೀರು ಸೋರುವುದು ಕಾಣುತ್ತಿಲ್ಲ. ಸುಮ್ನೆ ಕಟ್ಟಿಬಿಡಬೇಕಾ, ತಕರಾರು ಕೊಡಬೇಕಾ? ಗೊತ್ತಿರುವವರು ಹೇಳಿ.

ಮನೆಯ ಲೆಕ್ಕ ನೋಡಿಕೊಳ್ಳುವವರೊಬ್ಬರು: ಬಿಲ್ಲಿನಲ್ಲಿ ಹಣ ಆಮೇಲೆ ನೋಡಿ, ಮೊದಲು ಯೂನಿಟ್ ನೋಡಿ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎಷ್ಟು ದಿನದ ಬಿಲ್ ಅನ್ನೋದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ನಮಗೆ ಹೀಗಾದಾಗ ಬಳಕೆ ಏರಿರಲೇ ಇಲ್ಲ. ಕೆಲವು ತಿಂಗಳು ಮೀಟರ್ ನೋಡದೆ ಸರಾಸರಿ ಹಾಕಿ ಬಿಲ್ ಕೊಟ್ಟಿದ್ದರು. ಕೊನೆಗೆ ನಿಜವಾದ ರೀಡಿಂಗ್ ತೆಗೆದಾಗ ಬಾಕಿ ಇದ್ದದ್ದೆಲ್ಲ ಒಂದೇ ಬಿಲ್ಲಿಗೆ ಬಿತ್ತು. ಬಳಕೆ ಏರಿದಂತೆ ದರವೂ ಏರುವ ಕಡೆ ಇದರಿಂದ ಇನ್ನೂ ಒಂದು ಪೆಟ್ಟು ಬೀಳುತ್ತದೆ. ನಾಲ್ಕು ತಿಂಗಳ ನೀರನ್ನು ಒಂದೇ ತಿಂಗಳಲ್ಲಿ ಬಳಸಿದ ಹಾಗೆ ಲೆಕ್ಕ ಹಾಕಿದರೆ ಮೇಲಿನ ಹಂತದ ದರ ಹತ್ತುತ್ತದೆ. ಇದು ಸರಿಯಲ್ಲ ಅಲ್ವಾ? ಹಳೆಯ ಬಿಲ್‌ಗಳನ್ನು ಲಗತ್ತಿಸಿ, ತಿಂಗಳುವಾರು ಹಂಚಿ ಮತ್ತೆ ಲೆಕ್ಕ ಮಾಡಿ ಎಂದು ಬರೆದುಕೊಟ್ಟೆವು. ತಿದ್ದಿದ ಬಿಲ್ ಬಂತು.

ಪ್ಲಂಬಿಂಗ್ ಕೆಲಸ ಮಾಡುವವರೊಬ್ಬರು: ಯೂನಿಟ್ಟೇ ಏರಿದ್ದರೆ ಸೋರಿಕೆ ಹುಡುಕಿ. ಕಣ್ಣಿಗೆ ಕಾಣುವ ನಲ್ಲಿಯ ತೊಟಕು ಅಷ್ಟು ದೊಡ್ಡದಲ್ಲ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ 20–30 ಲೀಟರ್ ಆಸುಪಾಸು. ನಿಜವಾಗಿ ನೀರು ಕುಡಿಯುವುದು ಕಮೋಡಿನ ಫ್ಲಶ್ ಟ್ಯಾಂಕ್. ಒಳಗಿನ ರಬ್ಬರ್ ಸವೆದರೆ ಸದ್ದೇ ಇಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗಬಹುದು. ಟ್ಯಾಂಕಿನೊಳಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ಅಲ್ಲೇ ಸೋರುತ್ತಿದೆ.

ಹಾಗೇ ಮೀಟರ್ ಮುಚ್ಚಳ ತೆಗೆದು ನೋಡಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ 1000 ಲೀಟರ್ ಲೆಕ್ಕದ್ದು. ಕೆಂಪು ಅಂಕಿಗಳು ಅದಕ್ಕಿಂತ ಕಡಿಮೆಯವು. ಪಕ್ಕದಲ್ಲಿ ನಕ್ಷತ್ರದಂಥ ಒಂದು ಪುಟ್ಟ ಚಕ್ರ ಇರುತ್ತದೆ, ಸಣ್ಣ ಹರಿವಿಗೂ ತಿರುಗುತ್ತದೆ. ಎಲ್ಲ ನಲ್ಲಿ ನಿಲ್ಲಿಸಿದ ಮೇಲೂ ಅದು ತಿರುಗುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ.

ಕೇಳಿದವರು: ಬಣ್ಣ ಹಾಕಿ ನೋಡಿದೆ, ಕಮೋಡಿಗೆ ಇಳಿಯಲಿಲ್ಲ. ನಲ್ಲಿಗಳೆಲ್ಲ ನಿಲ್ಲಿಸಿದರೂ ಚಕ್ರ ತಿರುಗುತ್ತಿತ್ತು. ಸಂಪಿಗೆ ಹೋಗುವ ವಾಲ್ವ್ ಮುಚ್ಚಿದಾಗ ನಿಂತಿತು.

ಪ್ಲಂಬಿಂಗ್ ಕೆಲಸ ಮಾಡುವವರು: ಒಳ್ಳೆಯದಾಯ್ತು, ಹುಡುಕುವ ಜಾಗ ಕಡಿಮೆಯಾಯ್ತು. ಮೀಟರಿನಿಂದ ಆ ವಾಲ್ವ್ ತನಕ ಪೈಪ್ ಸರಿಯಾಗಿದೆ. ಸಂಪ್ ತುಂಬುತ್ತಿದ್ದರೂ ಚಕ್ರ ತಿರುಗುತ್ತದೆ, ಅದಕ್ಕೆ ಹೆದರಬೇಡಿ. ರಾತ್ರಿ ಮಲಗುವ ಮುಂಚೆ ಆ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ. ಸಂಪಿನ ಗೋಡೆಗೆ ನೀರಿನ ಮಟ್ಟದಲ್ಲಿ ಒಂದು ಗೆರೆ ಎಳೆಯಿರಿ. ಮೇಲಿನ ಟ್ಯಾಂಕಿನಲ್ಲೂ ಹಾಗೇ ಮಾಡಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಹೋಗಿ ನೋಡಿ. ಸಂಪಿನ ನೀರು ಗೆರೆಯಿಂದ ಕೆಳಗಿಳಿದಿದ್ದರೆ ಗೋಡೆಯಲ್ಲೋ ತಳದಲ್ಲೋ ಬಿರುಕು ಇರುತ್ತದೆ. ಟ್ಯಾಂಕಿನದು ಇಳಿದಿದ್ದರೆ ಮನೆಯೊಳಗಿನ ಪೈಪ್ ನೋಡಬೇಕು. ಎರಡೂ ಇಳಿಯದಿದ್ದರೆ ಸಂಪಿನ ಬಾಲ್ ವಾಲ್ವ್, ಅಂದರೆ ಸಂಪ್ ತುಂಬಿದಾಗ ತಾನಾಗೇ ನೀರು ನಿಲ್ಲಿಸುವ ತೇಲುಗುಂಡಿನ ವಾಲ್ವ್ ಮೇಲೆ ನನಗೆ ಅನುಮಾನ. ಅದು ಪೂರ್ತಿ ಮುಚ್ಚದಿದ್ದರೆ ಹೆಚ್ಚಾದ ನೀರು ಓವರ್‌ಫ್ಲೋ ಪೈಪಿನಲ್ಲಿ ನೇರ ಚರಂಡಿಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಡಿಗೆ ಮನೆಯಲ್ಲಿರುವವರೊಬ್ಬರು: ಮೀಟರ್ ಮೇಲೆ ಅನುಮಾನ ಇದ್ದರೆ ಅಳತೆ ಗೊತ್ತಿರುವ ಬಕೆಟ್ ತೆಗೆದುಕೊಳ್ಳಿ. ಮೀಟರಿನಿಂದ ನೇರ ಬರುವ ನಲ್ಲಿಯಲ್ಲೇ 100 ಲೀಟರ್ ಹಿಡಿಯಿರಿ, ಟ್ಯಾಂಕಿನ ನಲ್ಲಿ ಬೇಡ. ಮೀಟರ್ 100ರ ಹತ್ತಿರ ತೋರಿಸಬೇಕು. ತುಂಬಾ ವ್ಯತ್ಯಾಸ ಬಂದರೆ ಮೀಟರ್ ಪರೀಕ್ಷೆ ಮಾಡಿಸಿ ಎಂದು ಅರ್ಜಿ ಕೊಡಿ. ಪರೀಕ್ಷೆಗೆ ಶುಲ್ಕ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಬಾಡಿಗೆಯವರಾದರೆ ಸೋರಿಕೆ ಕಂಡ ದಿನವೇ ಮನೆ ಮಾಲೀಕರಿಗೆ ಫೋಟೋ ಸಮೇತ ತಿಳಿಸಿ. ಆಮೇಲೆ ಯಾರು ಕಟ್ಟಬೇಕು ಎಂಬ ಮಾತು ಬಂದಾಗ ಅದು ಕೈಲಿರಬೇಕು.

ಲೆಕ್ಕ ನೋಡಿಕೊಳ್ಳುವವರು: ಕಟ್ಟುವ ವಿಷಯಕ್ಕೆ ಬರುತ್ತೇನೆ. ಕೊನೆಯ ದಿನಾಂಕದ ಒಳಗೆ ತಕರಾರು ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ತೀರ್ಮಾನ ಆಗುವ ತನಕ ಎಷ್ಟು ಕಟ್ಟಬೇಕು ಎಂದು ಅಲ್ಲೇ ಕೇಳಿ. ಪೂರ್ತಿ ನಿಲ್ಲಿಸಿದರೆ ದಂಡ ಬೀಳಬಹುದು, ಕನೆಕ್ಷನ್‌ಗೂ ತೊಂದರೆಯಾಗಬಹುದು. ಸೋರಿಕೆ ಸಿಕ್ಕರೆ ರಿಪೇರಿ ರಸೀದಿ ಬಿಸಾಡಬೇಡಿ. ಕಾಣದ ಸೋರಿಕೆಗೆ ಕೆಲವು ಕಡೆ ಬಿಲ್‌ನಲ್ಲಿ ರಿಯಾಯಿತಿ ಕೊಡುತ್ತಾರೆ, ಆಗ ಅದನ್ನೇ ಕೇಳುತ್ತಾರೆ. ರಿಯಾಯಿತಿ ಸಿಗದಿದ್ದರೆ ಕಂತಿನಲ್ಲಿ ಕಟ್ಟಲು ಬಿಡಿ ಎಂದು ಕೇಳಲು ಹಿಂಜರಿಯಬೇಡಿ. ನಾಳೆ ಬೆಳಿಗ್ಗೆ ಗೆರೆ ಎಲ್ಲಿತ್ತು ಎಂದು ಇಲ್ಲಿ ಬರೆಯಿರಿ, ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ.