ಸಹಾಯ ಬೇಕು: ಅಪ್ಪನ ದನಿ ಎಷ್ಟು ಇಳಿದಿದೆ ಅಂತ ಮನೆಯಲ್ಲೇ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರಿನವರು. ಅಪ್ಪನಿಗೆ 71 ವರ್ಷ, ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆರು ವರ್ಷ. ಕೈ ನಡುಕ ಮಾತ್ರೆಯಿಂದ ಹತೋಟಿಯಲ್ಲಿದೆ. ಆದರೆ ದನಿ ಇಳಿಯುತ್ತಲೇ ಇದೆ. ಮೊದಲು ಹಿತ್ತಲಲ್ಲಿ ನಿಂತು ಕೂಗಿದರೆ ಬೀದಿಗೆ ಕೇಳುತ್ತಿತ್ತು. ಈಗ ಪಕ್ಕದಲ್ಲೇ ಕೂತ ಅಮ್ಮ "ಏನಂದ್ರಿ?" ಅಂತ ಎರಡೆರಡು ಸಲ ಕೇಳಬೇಕು. "ನಾನು ಸರಿಯಾಗೇ ಮಾತಾಡ್ತಿದ್ದೀನಿ, ನಿಮಗೇ ಕಿವಿ ಕೇಳಲ್ಲ" ಅಂತಾರೆ ಅಪ್ಪ. ಈ ಕಾಯಿಲೆಯಲ್ಲಿ ದನಿ ಸಣ್ಣಗಾಗಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಅಳತೆ ಬೇಕು ಅನ್ನಿಸಿತು.

ಒಂದು ತಿಂಗಳಿಂದ ಮಗನ ಸ್ಕೇಲ್ ಹಿಡಿದು, ಫೋನನ್ನು ಬಾಯಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು, ಒಂದೇ ಉಸಿರಿಗೆ "ಆ" ಹೇಳಿಸುತ್ತಿದ್ದೇನೆ. ಮೊನ್ನೆ 9 ಸೆಕೆಂಡಿಗೇ ದನಿ ಒಡೆಯಿತು. ಆಮೇಲೆ "ಪ-ತ-ಕ" ಬೇಗ ಬೇಗ ಹೇಳಬೇಕು, ತುಟಿ-ನಾಲಿಗೆ ಎಷ್ಟು ಚುರುಕಾಗಿವೆ ಅಂತ ನೋಡೋಕೆ. ಮಾತ್ರೆ ತಗೊಂಡು ಒಂದು ಗಂಟೆ ಆದ ಮೇಲೇ ರೆಕಾರ್ಡ್ ಮಾಡುತ್ತೇನೆ. ಇಲ್ಲದಿದ್ದರೆ ಹೋಲಿಸೋಕಾಗಲ್ಲ ಅಲ್ವಾ?

ಅದನ್ನು ಪ್ರಾಟ್ ಅನ್ನೋ ಉಚಿತ ಸಾಫ್ಟ್‌ವೇರಿಗೆ ಹಾಕಿದರೆ ಜಿಟರ್, ಶಿಮರ್ ಅಂಕಿ ಬರುತ್ತವೆ. ದನಿಯ ಒಂದೊಂದು ಕಂಪನದ ಕಾಲದಲ್ಲಿ ಆಗುವ ಏರುಪೇರು ಜಿಟರ್, ಜೋರಿನಲ್ಲಿ ಆಗುವುದು ಶಿಮರ್. ಆದರೆ ಫ್ಯಾನ್ ಹಾಕಿದ ದಿನ ಅಂಕಿ ಜಾಸ್ತಿ! ಇವನ್ನು ಎಷ್ಟು ನಂಬಬಹುದು? ಫೋನ್ ಆ್ಯಪ್‌ನ ಡೆಸಿಬಲ್ ಲೆಕ್ಕ ಸಾಕಾ, ಬೇರೆ ಮೈಕ್ ಬೇಕಾ?

ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೋ ನಿಮ್ಹಾನ್ಸ್‌ಗೋ ಇದಕ್ಕಾಗಿ ಹೋದವರು ಇದ್ದೀರಾ? ಜೋರಾಗಿ ಮಾತಾಡಿಸುವ, ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರದ ತರಬೇತಿ ನಿಮ್ಮ ಮನೆಯವರಿಗೆ ಉಪಯೋಗ ಆಯಿತಾ? ಸ್ಪೀಚ್ ಥೆರಪಿಸ್ಟ್‌ಗಳು ಇದ್ದರೆ ದಯವಿಟ್ಟು ಹೇಳಿ. ಅಪ್ಪ ಮೊಮ್ಮಗನಿಗೆ ಫೋನಲ್ಲಿ ಕಥೆ ಹೇಳೋದನ್ನೇ ಬಿಟ್ಟಿದ್ದಾರೆ.