ಡ್ರೋನಿನ ದೃಶ್ಯವನ್ನು ಬೇರೆ ಪರದೆಗಳಿಗೂ ‘ಕೊಡುವುದು’: ಯಾವ ಪದ ಸರಿ?

ಮಾನ್ಯರೇ,

ಕಾಸರಗೋಡು ಸೀಮೆಯ ನಮ್ಮೂರ ಜಾತ್ರೆಯಲ್ಲಿ ಜನಸಂದಣಿಯನ್ನು ಮೇಲಿನಿಂದ ಗಮನಿಸಲು ಡ್ರೋನ್ ಹಾರಿಸುವ ಸ್ವಯಂಸೇವಕರಿಗಾಗಿ ಕನ್ನಡದಲ್ಲಿ ಒಂದು ಸೂಚನಾಪತ್ರ ಸಿದ್ಧವಾಗುತ್ತಿದೆ. ಹಾರಿಸುವವರ ರಿಮೋಟಿನಲ್ಲಿ ಕಾಣುವ ದೃಶ್ಯವು ಅದೇ ಹೊತ್ತಿಗೆ ಕಚೇರಿಯ ಟಿವಿಯಲ್ಲಿ ಅಥವಾ ಇನ್ನೊಬ್ಬರ ಮೊಬೈಲಿನಲ್ಲಿ ಕಾಣುವಂತೆ ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದವನ್ನು ಬಳಸಬೇಕೆಂಬುದು ನನ್ನ ಪ್ರಶ್ನೆ. ಆಡುಮಾತಿನಲ್ಲಿ ಎಲ್ಲರೂ ‘ಲೈವ್ ಕೊಡಿ’ ಎನ್ನುತ್ತಾರೆ. ಹಾಗೆಂದರೆ ಗೇಟಿನ ಬಳಿಯ ಟಿವಿಗೆ ಕೊಡಬೇಕೋ, ಯೂಟ್ಯೂಬಿನಲ್ಲಿ ಊರಿಗೆಲ್ಲ ತೋರಿಸಬೇಕೋ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ಜನರ ಮುಖಗಳು ಕಾಣುವ ದೃಶ್ಯವಾದ್ದರಿಂದ ಈ ಅಸ್ಪಷ್ಟತೆ ಸಣ್ಣದಲ್ಲ.

ಕೆಲಸವೂ ಒಂದೇ ಬಗೆಯದಲ್ಲ. ರಿಮೋಟಿನಿಂದ ಎಚ್‌ಡಿಎಂಐ (ದೃಶ್ಯ, ಧ್ವನಿ ಸಾಗಿಸುವ) ತಂತಿ ಎಳೆದು ಟಿವಿಗೆ ಜೋಡಿಸಿದರೆ, ಬ್ಯಾಟರಿ ಮತ್ತು ಎತ್ತರದ ಅಂಕಿಗಳ ಸಹಿತ ಆ ಪರದೆಯೇ ಸಾಮಾನ್ಯವಾಗಿ ಇನ್ನೊಂದೆಡೆ ಮೂಡುತ್ತದೆ. ಕಣ್ಣಿಗೆ ಒಳಗೇ ಪರದೆಯಿರುವ ಗಾಗಲ್ಸ್ ಧರಿಸಿ ಹಾರಿಸುವ ಡ್ರೋನುಗಳಲ್ಲಿ ಬೇರೊಂದು ವಿಧಾನವಿದೆ: ಹಳೆಯ ಅನಲಾಗ್ ವ್ಯವಸ್ಥೆಯಲ್ಲಿ 5.8 ಗಿಗಾಹರ್ಟ್ಸಿನ ಅದೇ ಚಾನೆಲಿಗೆ ಹೊಂದಿಸಿದ ಯಾವ ಗಾಗಲ್ಸಾದರೂ ಆಕಾಶದಿಂದ ಬರುವ ಸಂಕೇತವನ್ನು ತಾನೇ ಹಿಡಿಯುತ್ತದೆ. ಡಿಜೆಐ ಎಂಬ ಡ್ರೋನ್ ಕಂಪನಿಯ ಕೆಲವು ಗಾಗಲ್ಸುಗಳಲ್ಲಿ ಇದಕ್ಕೆಂದೇ ‘ಆಡಿಯೆನ್ಸ್ ಮೋಡ್’ ಇದೆ. ಮೂರನೆಯದು, ಆರ್‌ಟಿಎಂಪಿ (ಅಂತರ್ಜಾಲದಲ್ಲಿ ವಿಡಿಯೊ ಕಳುಹಿಸುವ ಒಂದು ಕ್ರಮ) ವಿಳಾಸವೊಂದನ್ನು ಆ್ಯಪಿನಲ್ಲಿ ತುಂಬಿ, ದೃಶ್ಯವನ್ನು ಅಂತರ್ಜಾಲದ ಮೂಲಕ ದೂರದ ಪರದೆಗಳಿಗೆ ಕಳುಹಿಸುವುದು.

‘ಹಂಚು’ ಎಂಬುದು ಮೊದಲು ಹೊಳೆಯುವ ಪದ. ‘ಪರದೆ ಹಂಚಿಕೆ’ ಎಂಬ ಬಳಕೆಯೂ ಕಣ್ಣಿಗೆ ಬೀಳುತ್ತದೆ. ಆದರೆ ನಮ್ಮ ಕಡೆ ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರನ್ನು ಅಡಕೆಮರದ ದಂಬೆಯಲ್ಲಿ (ಸೀಳಿದ ಕಾಂಡದ ತೋಡಿನಲ್ಲಿ) ಹರಿಸಿ ಎರಡು ತೋಟಗಳಿಗೆ ಹಂಚಿದರೆ ಇಬ್ಬರಿಗೂ ಅರ್ಧವೇ ಸಿಗುತ್ತದೆ. ಡ್ರೋನಿನ ದೃಶ್ಯವನ್ನು ಎಷ್ಟು ಗಾಗಲ್ಸುಗಳು ಹಿಡಿದರೂ ಹಾರಿಸುವವರ ಪಾಲಿಗೆ ಏನೂ ಕಡಿಮೆಯಾಗುವುದಿಲ್ಲ. ಸಾಮಾಜಿಕ ಜಾಲತಾಣಗಳಿಂದಾಗಿ ‘ಹಂಚಿಕೊಳ್ಳು’ ಈ ಹೊಸ ಅರ್ಥಕ್ಕೆ ಒಗ್ಗಿದೆಯೆಂದು ಒಪ್ಪಿದರೂ, ಮೇಲಿನ ಮೂರು ಕೆಲಸಗಳನ್ನು ಅದು ಬೇರ್ಪಡಿಸುವುದಿಲ್ಲ.

ಆದ್ದರಿಂದ ಮೊದಲನೆಯದಕ್ಕೆ ‘ಪಡಿಮೂಡಿಸು’ (ಪ್ರತಿಬಿಂಬದಂತೆ ಮೂಡಿಸು), ಎರಡನೆಯದಕ್ಕೆ ‘ಸಹವೀಕ್ಷಣೆ’, ಮೂರನೆಯದಕ್ಕೆ ‘ನೇರಪ್ರಸಾರ’ ಎಂದು ಯೋಚಿಸಿದ್ದೇನೆ. ಎರಡನೆಯದಕ್ಕೆ ‘ಸಹಗ್ರಹಣ’ವನ್ನು ಒಬ್ಬರು ಸೂಚಿಸಿದರು, ಆದರೆ ದೇವಸ್ಥಾನದ ಸೂಚನಾಪತ್ರದಲ್ಲಿ ‘ಗ್ರಹಣ’ ಎಂದು ಕಂಡರೆ ಜನ ಗುಡಿಯ ಬಾಗಿಲು ಮುಚ್ಚುವ ಸಮಯವನ್ನು ವಿಚಾರಿಸಿಯಾರು.

‘ನೇರಪ್ರಸಾರ’ದ ಬಗ್ಗೆಯೂ ಒಂದು ಸಂದೇಹವಿದೆ. ಮಲಯಾಳದಲ್ಲಿ ಇದನ್ನು ‘ತತ್ಸಮಯ ಸಂಪ್ರೇಷಣಂ’ ಎನ್ನುತ್ತಾರೆ. ಎರಡೂ ಭಾಷೆಗಳನ್ನು ಓದುವ ಇಲ್ಲಿನವರಿಗೆ ‘ತತ್ಸಮಯ’ವೆಂದರೆ ಅದೇ ಕ್ಷಣದ್ದೆಂಬ ಅರ್ಥ ಥಟ್ಟನೆ ಆಗುತ್ತದೆ. ಆದರೆ ಯೂಟ್ಯೂಬಿನ ಮೂಲಕ ಹೋದ ದೃಶ್ಯ ಹಲವು ಸೆಕೆಂಡು ತಡವಾಗಿ ತಲುಪುವುದರಿಂದ, ಅದನ್ನು ನೋಡಿಕೊಂಡು ‘ಎಡಕ್ಕೆ ತಿರುಗಿಸಿ’ ಎಂದು ಹಾರಿಸುವವರಿಗೆ ಹೇಳುವುದು ಅಪಾಯಕಾರಿ. ಆ ಅಂತರವನ್ನು ಮರೆಸುವ ‘ತತ್ಸಮಯ’ಕ್ಕಿಂತ, ಟಿವಿಯಿಂದ ಬಳಕೆಗೆ ಬಂದಿರುವ ‘ನೇರ’ವೇ ಇಲ್ಲಿ ಕಡಿಮೆ ಹಾನಿಯದೆಂದು ನನಗೆ ತೋರುತ್ತದೆ. ಟಿವಿಯಲ್ಲಿ ‘ನೇರ’ ಎಂದು ಬರೆದಿದ್ದರೂ ಪಕ್ಕದ ಮನೆಯವರು ವಿಕೆಟ್ ಬಿದ್ದದ್ದಕ್ಕೆ ನಮಗಿಂತ ಮೊದಲೇ ಕೂಗುವುದನ್ನು ಜನ ಬಲ್ಲರು.

‘ಪರದೆ’ ಮತ್ತು ‘ತೆರೆ’ಗಳಲ್ಲಿ ನಾನು ‘ಪರದೆ’ಯನ್ನೇ ಉಳಿಸಿಕೊಂಡಿದ್ದೇನೆ; ‘ತೆರೆಯಲ್ಲಿ ಕಾಣುತ್ತದೆ’ ಎಂಬುದು ವೇಷಗಳು ತೆರೆಯ ಹಿಂದಿನಿಂದ ಪ್ರವೇಶಿಸುವ ಯಕ್ಷಗಾನದ ನಾಡಿನಲ್ಲಿ ಬೇರೆ ಚಿತ್ರವನ್ನು ಮೂಡಿಸುತ್ತದೆ.

ಬಲ್ಲವರಲ್ಲಿ ಕೇಳುವುದಿಷ್ಟು: ‘ರಿಮೋಟಿನ ದೃಶ್ಯವನ್ನು ಗೇಟಿನ ಟಿವಿಯಲ್ಲಿ ಪಡಿಮೂಡಿಸಿ, ಅನುಮತಿಯಿಲ್ಲದೆ ನೇರಪ್ರಸಾರ ಮಾಡಬೇಡಿ’ ಎಂಬ ವಾಕ್ಯವು, ತಂತ್ರಜ್ಞಾನದ ಪರಿಚಯ ಹೆಚ್ಚಿಲ್ಲದ ಓದುಗರಿಗೆ ವಿವರಣೆಯಿಲ್ಲದೆ ಅರ್ಥವಾದೀತೇ? ‘ಪಡಿಮೂಡಿಸು’ ತೀರ ಗ್ರಾಂಥಿಕವೆನಿಸಿದರೆ, ಅಷ್ಟೇ ನಿಖರವಾದ, ಆಡುಮಾತಿಗೆ ಹತ್ತಿರದ ಕ್ರಿಯಾಪದ ಬೇರೆ ಯಾವುದಿದೆ?