ರಂಜಾನ್ ತಿಂಗಳಲ್ಲಿ ಕೈರೋ ಪ್ರವಾಸ ಕೈಗೊಳ್ಳಬಹುದೇ?

ಪ್ರಶ್ನೆ: ನಮ್ಮ ಕೈರೋ ಪ್ರವಾಸ ರಂಜಾನ್ ತಿಂಗಳಲ್ಲೇ ಬೀಳುತ್ತಿದೆ. ಜೊತೆಯಲ್ಲಿ ವಯಸ್ಸಾದ ತಾಯಿಯವರೂ ಇರುತ್ತಾರೆ. ಹಗಲಿನಲ್ಲಿ ಊಟ ಸಿಗುವುದೇ, ಪಿರಮಿಡ್ಡುಗಳು ತೆರೆದಿರುತ್ತವೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಅವಶ್ಯವಾಗಿ ಹೋಗಿ ಬನ್ನಿ. ಗೀಜಾದ ಪಿರಮಿಡ್ಡುಗಳು ತೆರೆದೇ ಇರುತ್ತವೆ. ಆದರೆ ಉಳಿದ ದಿನಗಳಿಗಿಂತ ಬೇಗ ಮುಚ್ಚುವುದರಿಂದ ಬೆಳಿಗ್ಗೆಯೇ ಹೊರಡುವುದು ಲೇಸು. ಪ್ರವಾಸಿಗರು ತಂಗುವ ಹೋಟೆಲುಗಳಲ್ಲಿ ಹಗಲೂ ಊಟ ದೊರೆಯುತ್ತದೆ. ಬೀದಿಯಲ್ಲಿ ಎಲ್ಲರೆದುರು ತಿನ್ನದಿದ್ದರೆ ಸಾಕು.

ಉತ್ತರ 2: ಸೂರ್ಯಾಸ್ತಕ್ಕೆ ಮುಂಚಿನ ಒಂದೆರಡು ಗಂಟೆ ಮಾತ್ರ ಟ್ಯಾಕ್ಸಿ ಹತ್ತಬೇಡಿ. ಇಫ್ತಾರಿಗೆ ಮನೆ ಸೇರುವ ಆತುರದಲ್ಲಿ ಊರಿಗೆ ಊರೇ ರಸ್ತೆಗಿಳಿದಿರುತ್ತದೆ. ಬಾಂಗ್ ಕೇಳಿಸಿದೊಡನೆ ಅದೇ ರಸ್ತೆಗಳು ಬಿಕೋ ಎನ್ನುತ್ತವೆ. (ಕೈರೋದಲ್ಲಿ ನಿಶ್ಚಿಂತೆಯಿಂದ ರಸ್ತೆ ದಾಟಬಹುದಾದ ಹೊತ್ತು ಅದೊಂದೇ ಎಂದು ನನಗನ್ನಿಸುತ್ತದೆ.) ರಾತ್ರಿ ಅಲ್-ಮುಯಿಜ್ ಬೀದಿಯಲ್ಲಿಯೂ ಖಾನ್ ಅಲ್-ಖಲೀಲಿ ಮಾರುಕಟ್ಟೆಯಲ್ಲಿಯೂ ಬಣ್ಣದ ಗಾಜಿನ ಫಾನೂಸ್ ದೀಪಗಳ ಕೆಳಗೆ ನೆರೆದ ಜನ ನಡುರಾತ್ರಿ ಕಳೆದರೂ ಕದಲುವುದಿಲ್ಲ. ಬೀಜಗಳ ಹೂರಣ ತುಂಬಿ, ಅರ್ಧಚಂದ್ರಾಕಾರಕ್ಕೆ ಮಡಿಸಿ, ಕರಿದು, ಸಕ್ಕರೆ ಪಾಕದಲ್ಲಿ ಅದ್ದಿದ ಕತಾಯಿಫ್ ಅನ್ನು ತಾಯಿಯವರಿಗೆ ತಪ್ಪದೆ ತಿನ್ನಿಸಿ.

ಉತ್ತರ 3: ಬೀದಿಬದಿಯಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ ಉಚಿತವಾಗಿ ಇಫ್ತಾರ್ ಬಡಿಸುವವರು ದಾರಿಹೋಕರನ್ನೂ ಕರೆಯುವುದುಂಟು. ಅದು ಮುಖ್ಯವಾಗಿ ಬಡವರಿಗಾಗಿ ನಡೆಯುವ ದಾನವಾದ್ದರಿಂದ, ಒಂದು ಖರ್ಜೂರ ತೆಗೆದುಕೊಂಡು ವಂದಿಸಿ ಮುಂದೆ ಸಾಗುವುದು ಸೂಕ್ತ.